ಈನಿಯಸನು ಭಕ್ತನೇ?

ಲ್ಯಾಟಿನ್ ಮಹಾಕವಿ ವರ್ಜಿಲನ 'ಈನಿಯಡ್' ಕಾವ್ಯವನ್ನು ಇಂಗ್ಲಿಷ್ ಅನುವಾದದ ಮೂಲಕ ಓದಹೊರಟ ಕನ್ನಡ ಓದುಗನಿಗೆ ಮೊದಲನೆಯ ಸರ್ಗದಲ್ಲಿಯೇ ಒಂದು ಪದ ಅಡ್ಡಗಟ್ಟಿ ನಿಲ್ಲುತ್ತದೆ. ಬಿರುಗಾಳಿಗೆ ಸಿಕ್ಕಿ ಆಫ್ರಿಕದ ತೀರಕ್ಕೆ ಬಂದು ಬಿದ್ದ ಕಥಾನಾಯಕ ಈನಿಯಸನು ಕಾಡಿನಲ್ಲಿ ಬೇಟೆಗಾತಿಯ ವೇಷದಲ್ಲಿ ಎದುರಾದ ವೀನಸ್ ದೇವಿಗೆ, ಆಕೆ ತನ್ನ ತಾಯಿಯೆಂದು ಅರಿಯದೆ, ತನ್ನ ಪರಿಚಯವನ್ನು ಹೇಳಿಕೊಳ್ಳುತ್ತಾನೆ. ಹಾಗೆ ಹೇಳುವಾಗ ತನ್ನ ಹೆಸರಿಗೆ 'ಪಿಯುಸ್' ಎಂಬ ವಿಶೇಷಣವನ್ನು ತಾನೇ ಸೇರಿಸಿಕೊಳ್ಳುತ್ತಾನೆ. ಈ ಪದಕ್ಕೆ 1697ರಲ್ಲಿ ಡ್ರೈಡನ್ ಕವಿ 'ಗುಡ್' ಎಂದ. 1971ರಲ್ಲಿ ಅಲೆನ್ ಮ್ಯಾಂಡೆಲ್‌ಬಾಮ್ ಅವರು 'ಪಯಸ್' ಎಂದರು. 1983ರಲ್ಲಿ ರಾಬರ್ಟ್ ಫಿಟ್ಸ್‌ಜೆರಾಲ್ಡ್ ಅವರು 'ಡ್ಯೂಟಿಬೌಂಡ್' ಎಂದರು. ಒಳ್ಳೆಯವನು, ದೈವಭಕ್ತ, ಕರ್ತವ್ಯಕ್ಕೆ ಕಟ್ಟುಬಿದ್ದವನು. ಮೂಲದಲ್ಲಿರುವವನು ಒಬ್ಬನೇ ಮನುಷ್ಯ. ಅನುವಾದಗಳಲ್ಲಿ ಕಾಣುವವರು ಮೂವರು.

ವಚನವಾಙ್ಮಯದ ಸಂಸ್ಕಾರವುಳ್ಳ ಓದುಗನು ಇವುಗಳಲ್ಲಿ 'ಪಯಸ್' ಎಂಬುದನ್ನು ಕಂಡೊಡನೆ ಮನಸ್ಸಿನಲ್ಲಿ 'ಭಕ್ತ' ಎಂದು ಓದಿಕೊಳ್ಳುವುದು ಸಹಜ. ಅಷ್ಟೇ ಅಲ್ಲ, ಸುಟ್ಟುಹೋಗುತ್ತಿರುವ ಟ್ರಾಯ್ ನಗರದಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು, ಮಗನ ಕೈಹಿಡಿದು, ಮನೆದೇವರುಗಳ ವಿಗ್ರಹಗಳೊಡನೆ ಹೊರಟ ಈ ಪುರುಷನ ಚಿತ್ರ ಆ ಓದನ್ನು ಸಮರ್ಥಿಸುವಂತೆಯೂ ತೋರುತ್ತದೆ. ಆದರೆ ಹೀಗೆ ಓದಿದರೆ ಕಾವ್ಯದ ನಡುಭಾಗ ಅರ್ಥವಾಗುವುದಿಲ್ಲ. ಕೊನೆಯಂತೂ ಅಸಹ್ಯವಾಗಿ ಕಾಣುತ್ತದೆ. ಭಕ್ತನೊಬ್ಬನು ಶರಣುಬಂದವನನ್ನು ಕೊಲ್ಲುವುದೆಂದರೇನು?

ಪ್ರಶ್ನೆಯನ್ನು ಬಿಡಿಸುವ ಮೊದಲು ಕಾವ್ಯದ ವಿಷಯವಾಗಿ ಎರಡು ಮಾತು. ವರ್ಜಿಲನು ಕ್ರಿಸ್ತಪೂರ್ವ 70ರಲ್ಲಿ ಉತ್ತರ ಇಟಲಿಯ ಮ್ಯಾಂಟುವಾ ಬಳಿ ಹುಟ್ಟಿ, ಕ್ರಿ.ಪೂ. 19ರಲ್ಲಿ ಬ್ರುಂಡಿಸಿಯಂನಲ್ಲಿ ತೀರಿಕೊಂಡನು. ಹನ್ನೆರಡು ಸರ್ಗಗಳ, ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಪಂಕ್ತಿಗಳ ಈ ಕಾವ್ಯಕ್ಕೆ ಅಂತಿಮ ಸಂಸ್ಕಾರ ಮುಗಿದಿರಲಿಲ್ಲ. ಹಸ್ತಪ್ರತಿಯನ್ನು ಸುಟ್ಟುಬಿಡಬೇಕೆಂದು ಕವಿ ಬಯಸಿದನೆಂದೂ ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ಸ್ನೇಹಿತರು ಅದನ್ನು ಉಳಿಸಿ ಹೊರತಂದರೆಂದೂ ಪ್ರಾಚೀನ ಚರಿತ್ರೆಗಳು ಹೇಳುತ್ತವೆ. ಐವತ್ತಕ್ಕೂ ಹೆಚ್ಚು ಪಂಕ್ತಿಗಳು ಅರ್ಧಕ್ಕೇ ನಿಂತಿವೆ. ಟ್ರಾಯ್‌ನಿಂದ ತಪ್ಪಿಸಿಕೊಂಡ ಈನಿಯಸ್ ಕಡಲಲ್ಲಿ ಅಲೆದು, ಕಾರ್ತೇಜಿನ ರಾಣಿ ಡೈಡೊಳ ಆಶ್ರಯವನ್ನೂ ಪ್ರೇಮವನ್ನೂ ಪಡೆದು, ಅವಳನ್ನು ಬಿಟ್ಟು, ಇಟಲಿಗೆ ಬಂದು, ಸ್ಥಳೀಯ ವೀರ ಟರ್ನಸ್‌ನನ್ನು ಯುದ್ಧದಲ್ಲಿ ಕೊಂದು, ಮುಂದೆ ರೋಮ್ ಆಗಲಿರುವ ಜನಾಂಗಕ್ಕೆ ಬುನಾದಿ ಹಾಕುವುದು ಕಥೆ.

ಈ ಕಾವ್ಯವನ್ನು ಇಂಗ್ಲಿಷಿನಲ್ಲಿ ಓದುವಾಗ ಕನ್ನಡಿಗನು ತೆರುವ ಸುಂಕ ಒಂದು ವಿಚಿತ್ರ ಬಗೆಯದು. ಇಂಗ್ಲಿಷ್ ಓದುಗನಿಗೆ ಪರಕೀಯವಾದದ್ದು ಅನೇಕ ಕಡೆ ಕನ್ನಡಿಗನಿಗೆ ಪರಕೀಯವಲ್ಲ. ಲ್ಯಾಟಿನ್ ಷಟ್ಪದಿಯನ್ನೇ ನೋಡಬಹುದು. ಷಟ್ಪದಿಯೆಂದರೆ ಇಲ್ಲಿ ರಾಘವಾಂಕನ ಷಟ್ಪದಿಯಲ್ಲ, ಒಂದು ಪಂಕ್ತಿಗೆ ಆರು ಗಣಗಳುಳ್ಳ 'ಹೆಕ್ಸಾಮೀಟರ್'. ಇಂಗ್ಲಿಷ್ ಛಂದಸ್ಸು ಉಚ್ಚಾರದ ಒತ್ತನ್ನು ಆಧರಿಸಿದ್ದು; ಲ್ಯಾಟಿನ್ ಛಂದಸ್ಸು ಅಕ್ಷರದ ಕಾಲವನ್ನು ಆಧರಿಸಿದ್ದು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ದೀರ್ಘಸ್ವರ ಗುರು, ಮುಂದೆ ಎರಡು ವ್ಯಂಜನಗಳು ಕೂಡಿ ಬಂದರೆ ಹ್ರಸ್ವವೂ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ಪ್ರಾಥಮಿಕ ಶಾಲೆಯಲ್ಲಿ ಕಲಿತವನಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಆರು ಗಣಗಳಲ್ಲಿ ಪ್ರತಿಯೊಂದೂ ಭಗಣ, ಇಲ್ಲವೇ ಎರಡು ಗುರು. ಐದನೆಯದು ಬಹುಮಟ್ಟಿಗೆ ಭಗಣವೇ. ಕೊನೆಯದು ಎರಡೇ ಅಕ್ಷರ, ಅದರ ಕೊನೆಯ ಅಕ್ಷರಕ್ಕೆ ಮಾತ್ರ ಸಡಿಲಿಕೆ. ಅಂದರೆ ಗಣವೊಂದಕ್ಕೆ ನಾಲ್ಕು ಮಾತ್ರೆ. ಕಂದಪದ್ಯದ ಗಣವೂ ನಾಲ್ಕು ಮಾತ್ರೆಯದೇ. ಕಂದದ ಕಿವಿಯುಳ್ಳವನು ಲ್ಯಾಟಿನ್ ಅಕ್ಷರಗಳನ್ನು ಓದಲು ಒಂದು ವಾರ ಶ್ರಮಿಸಿದರೆ, ಅರ್ಥ ತಿಳಿಯದಿದ್ದರೂ, ಯಾವ ಇಂಗ್ಲಿಷ್ ಅನುವಾದವೂ ಕೊಡಲಾರದ ಒಂದು ನಡಿಗೆಯನ್ನು ಕೇಳಬಲ್ಲನು. ಫ್ರೆಡರಿಕ್ ಆಲ್ ಅವರು 2007ರ ಅನುವಾದದಲ್ಲಿ ಇಂಗ್ಲಿಷಿನಲ್ಲಿಯೇ ಆರು ಗಣಗಳ ಪಂಕ್ತಿಯನ್ನು ಹಿಡಿದಿದ್ದಾರೆ. ಸಾಹಸ ಮೆಚ್ಚತಕ್ಕದ್ದು, ಆದರೆ ಒತ್ತಿನಿಂದ ಕಾಲವನ್ನು ಅಳೆಯಲಾಗದು.

ವ್ಯಾಕರಣದ ಮಾತೂ ಹಾಗೆಯೇ. ಲ್ಯಾಟಿನ್ ವಿಭಕ್ತಿಪ್ರಧಾನ ಭಾಷೆ. ಕರ್ಮಪದವನ್ನು ಮೊದಲಿಗೂ ಕ್ರಿಯಾಪದವನ್ನು ಕೊನೆಗೂ ಇಟ್ಟು, ವಿಶೇಷಣವನ್ನು ವಿಶೇಷ್ಯದಿಂದ ಎರಡು ಮಾರು ದೂರ ನಿಲ್ಲಿಸಿ, ಪದಗಳ ಸ್ಥಾನದಿಂದಲೇ ಅರ್ಥವನ್ನು ತೂಗುವುದು ಆ ಭಾಷೆಗೆ ಸಾಧ್ಯ. ಕಾವ್ಯದ ಮೊದಲ ಪದವೇ 'ಆಯುಧಗಳನ್ನು' ಎಂಬ ದ್ವಿತೀಯಾ ವಿಭಕ್ತಿಯ ಪದ. ಕನ್ನಡಕ್ಕೆ ಇದು ಅನಾಯಾಸ. ಇಂಗ್ಲಿಷ್ ಕರ್ತೃವನ್ನು ಮುಂದೆ ತಾರದೆ ಒಂದು ಹೆಜ್ಜೆಯನ್ನೂ ಇಡದು. ಅನುವಾದಕರು 'ನಾನು'ವಿನಿಂದ ಆರಂಭಿಸಬೇಕಾದ ಒತ್ತಡಕ್ಕೆ ಸಿಕ್ಕುತ್ತಾರೆ. ಗ್ರೀಕ್ ನಾಟಕವನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದ ಬಿ.ಎಂ.ಶ್ರೀಯವರಂಥ ಕೈ ಈ ಲ್ಯಾಟಿನ್ ಕಾವ್ಯದ ಮೇಲೂ ಆಡಿದ್ದರೆ ಏನಾಗುತ್ತಿತ್ತೋ ಎಂದು ಆಸೆಪಡಬೇಕಷ್ಟೆ.

ಆದರೂ ಇಂಗ್ಲಿಷೇ ಇಂದು ಬಹುಮಂದಿಗೆ ಇರುವ ದಾರಿ. ದಾರಿಗಳು ಹಲವು ಇರುವುದರಿಂದ ಆಯ್ಕೆಯ ಮಾತು ಬರುತ್ತದೆ. ಸೆಸಿಲ್ ಡೇ ಲೂಯಿಸ್ ಅವರ 1952ರ ಅನುವಾದ ಗಟ್ಟಿಯಾಗಿ ಓದಿ ಕೇಳಿಸುವುದಕ್ಕೆ ಒಪ್ಪುವಂಥದು. ಮ್ಯಾಂಡೆಲ್‌ಬಾಮ್ ಅವರದು ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಸಿದ್ಧವಾದ, ಮಿತಭಾಷಿಯಾದ, ಮೂಲಕ್ಕೆ ಹತ್ತಿರವಾದ ಅನುವಾದ. ಫಿಟ್ಸ್‌ಜೆರಾಲ್ಡ್ ಅವರದು ಇಂಗ್ಲಿಷ್ ಕಾವ್ಯವಾಗಿ ಎಲ್ಲಕ್ಕಿಂತ ಸುಭಗವಾದದ್ದು. ಆ ಸೌಭಗ್ಯವೇ ಕೆಲವೆಡೆ ಅದರ ದೋಷ. ರಾಬರ್ಟ್ ಫೇಗಲ್ಸ್ ಅವರ 2006ರ ಅನುವಾದ ವೇಗಶಾಲಿ, ಸ್ವಲ್ಪ ಸಡಿಲ. ಸಾರಾ ರೂಡೆನ್ ಅವರು 2008ರಲ್ಲಿ ಪಂಕ್ತಿಗೆ ಪಂಕ್ತಿಯಾಗಿ ಬಿಗಿಹಿಡಿದು ನಡೆದರು. ಇತ್ತೀಚಿನ ಶಾಡಿ ಬಾರ್ಟ್ಷ್ ಅವರ ಅನುವಾದವೂ ಮೂಲದ ಪಂಕ್ತಿಸಂಖ್ಯೆಯನ್ನು ಮೀರದಿರುವ ವ್ರತದ್ದು. ಕಥೆಯಷ್ಟೇ ಸಾಕೆನ್ನುವವರಿಗೆ ಡೇವಿಡ್ ವೆಸ್ಟ್ ಅವರ 1990ರ ಗದ್ಯವುಂಟು. ಐರಿಷ್ ಕವಿ ಷೇಮಸ್ ಹೀನಿಯವರು, ತಂದೆಯ ಮರಣದ ತರುವಾಯ ಮನಸ್ಸು ಅತ್ತ ತಿರುಗಿ, ಪಾತಾಳದಲ್ಲಿ ಮಗನು ತಂದೆಯನ್ನು ಕಾಣುವ ಆರನೆಯ ಸರ್ಗವೊಂದನ್ನೇ ಅನುವಾದಿಸಿದರು; ಅವರ ಮರಣಾನಂತರ 2016ರಲ್ಲಿ ಅದು ಪ್ರಕಟವಾಯಿತು. ಮಗನು ಮೂರು ಬಾರಿ ತಬ್ಬಿಕೊಳ್ಳಹೋಗಿ ಮೂರು ಬಾರಿಯೂ ತಂದೆಯ ನೆರಳು ಕೈಗೆ ಸಿಗದೆ ಜಾರುವ ಪ್ರಸಂಗವನ್ನು ಒಂದೇ ಅನುವಾದದಲ್ಲಿ ಓದಬೇಕೆಂದಿದ್ದರೆ ಇದನ್ನೇ ಓದಬೇಕು.

ಅನುವಾದದ ಗೆಲುವು ಸೋಲುಗಳನ್ನು ತೂಗುವುದಕ್ಕೆ ವಚನಗಳ ಓದುಗನಿಗೆ ತನ್ನದೇ ಒಂದು ಅನುಭವವುಂಟು. ಎ.ಕೆ. ರಾಮಾನುಜನ್ ಅವರು 1973ರ 'ಸ್ಪೀಕಿಂಗ್ ಆಫ್ ಶಿವ' ಸಂಕಲನದಲ್ಲಿ ವಚನಾಂಕಿತಗಳನ್ನು ಹೆಸರಾಗಿ ಉಳಿಸದೆ ಅರ್ಥವಾಗಿ ಬಿಡಿಸಿದರು. ಕೂಡಲಸಂಗಮದೇವನು ಕೂಡುವ ನದಿಗಳ ಒಡೆಯನಾದನು. ಚಿತ್ರ ಸುಂದರವಾಯಿತು. ಆದರೆ ವಚನದಿಂದ ವಚನಕ್ಕೆ ಮರಳಿ ಮರಳಿ ಬರುವ ಅಂಕಿತವು ಮಾಡುವ ಕೆಲಸ ಚಿತ್ರದ ಕೆಲಸವಲ್ಲ. ಅದು ಕರೆಯುವ ಕೆಲಸ, ಸಾಕ್ಷಿಗೆ ನಿಲ್ಲಿಸುವ ಕೆಲಸ. ವರ್ಜಿಲನ 'ಪಿಯುಸ್' ಕೂಡ ಅಂಥದೇ ಮರುಕಳಿಸುವ ಪದ. ಅದು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದರಲ್ಲಿ ಅದರ ಅರ್ಥವಿದೆ. ಸಂದರ್ಭಕ್ಕೆ ತಕ್ಕಂತೆ ಒಂದೆಡೆ 'ಸಜ್ಜನ', ಒಂದೆಡೆ 'ಕರ್ತವ್ಯಬದ್ಧ', ಒಂದೆಡೆ 'ನಿಷ್ಠಾವಂತ' ಎಂದು ಬದಲಾಯಿಸಿದ ಅನುವಾದಕನು ವಾಕ್ಯವನ್ನು ಉಳಿಸಿಕೊಂಡು ಸೂತ್ರವನ್ನು ಕಡಿಯುತ್ತಾನೆ. ಈ ಒಂದು ಕಾರಣಕ್ಕೆ, ಫಿಟ್ಸ್‌ಜೆರಾಲ್ಡ್ ಅವರ ಪದವು ಅರ್ಥದಲ್ಲಿ ಹೆಚ್ಚು ಸರಿಯಾಗಿದ್ದರೂ, ಮೂಲದ ಪದವನ್ನೇ ನೆನಪಿಗೆ ತರುವ ಮ್ಯಾಂಡೆಲ್‌ಬಾಮ್ ಅವರ ಒರಟು 'ಪಯಸ್' ಓದುಗನಿಗೆ ಹೆಚ್ಚು ಉಪಕಾರಿ. ಅದು ಎಡವಿಸುತ್ತದೆ, ಎಡವಿದವನು ನಿಂತು ನೋಡುತ್ತಾನೆ.

ಎಡವಲೇಬೇಕಾದ ಸ್ಥಳ ನಾಲ್ಕನೆಯ ಸರ್ಗ. ಜುಪಿಟರನ ಆಜ್ಞೆಯನ್ನು ದೂತನಾದ ಮರ್ಕ್ಯುರಿ ತಂದಿದ್ದಾನೆ: ಕಾರ್ತೇಜನ್ನು ಬಿಟ್ಟು ಹೊರಡು. ಡೈಡೊಗೆ ವಿಷಯ ತಿಳಿದು ಆಕೆ ಬೈಯುತ್ತಾಳೆ, ಬೇಡುತ್ತಾಳೆ. ಈನಿಯಸನ ಉತ್ತರ ಇಟಲಿಯತ್ತ ತನ್ನ ಇಚ್ಛೆಯಿಂದ ಹೋಗುತ್ತಿಲ್ಲವೆಂಬ ಮಾತಿಗೆ ಬಂದು ನಿಲ್ಲುತ್ತದೆ. ಆ ಪಂಕ್ತಿ ಅರ್ಧಕ್ಕೇ ನಿಂತ ಪಂಕ್ತಿಗಳಲ್ಲೊಂದು. ಅದನ್ನು ತುಂಬಿಸಿ ಓದುವ ಅನುವಾದ ಯಾವುದಾದರೂ ತಪ್ಪೇ. ಡೈಡೊ ಶಪಿಸಿ, ಮೂರ್ಛೆಹೋಗಿ, ದಾಸಿಯರು ಅವಳನ್ನು ಎತ್ತಿ ಒಳಗೆ ಒಯ್ದ ಮರುಕ್ಷಣದಲ್ಲಿ ಕವಿ 'ಆದರೆ ಪಿಯುಸ್ ಈನಿಯಸ್' ಎನ್ನುತ್ತಾನೆ. ಅವಳನ್ನು ಸಂತೈಸಲು ಆತನಿಗೆ ಆಸೆ. ನಿಟ್ಟುಸಿರಿಡುತ್ತಾನೆ, ಪ್ರೇಮದಿಂದ ಅಲುಗಾಡುತ್ತಾನೆ. ಆದರೂ ದೇವತೆಗಳ ಆಜ್ಞೆಯನ್ನು ನಡೆಸುತ್ತಾ ಹಡಗುಗಳತ್ತ ನಡೆಯುತ್ತಾನೆ. ಇಲ್ಲಿ 'ಭಕ್ತ ಈನಿಯಸ್' ಎಂದು ಓದಿದರೆ ಕವಿ ವ್ಯಂಗ್ಯವಾಡುತ್ತಿರುವಂತೆ ಕೇಳುತ್ತದೆ. ವ್ಯಂಗ್ಯವಲ್ಲ. ನಾಯಕನು ತನಗೆ ಬೇಡವಾದದ್ದನ್ನು ಮಾಡುತ್ತಿರುವ ಕ್ಷಣದಲ್ಲಿಯೇ ಆ ವಿಶೇಷಣ ಅವನಿಗೆ ಸಲ್ಲುತ್ತದೆ.

ಭಕ್ತಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ. ರೋಮನ್ ವಾಗ್ಮಿ ಸಿಸೆರೊ 'ಪಿಯೆಟಾಸ್' ಎಂಬುದನ್ನು ಒಂದೆಡೆ ತಾಯ್ನಾಡಿಗೆ, ತಂದೆತಾಯಿಗಳಿಗೆ, ಬಂಧುಗಳಿಗೆ ಸಲ್ಲಬೇಕಾದದ್ದರ ಸಲ್ಲಿಕೆಯಾಗಿ ವಿವರಿಸುತ್ತಾನೆ. ಇನ್ನೊಂದೆಡೆ ಅದು ದೇವತೆಗಳ ವಿಷಯದಲ್ಲಿ ನಡೆಸಬೇಕಾದ ನ್ಯಾಯವೆನ್ನುತ್ತಾನೆ. ನ್ಯಾಯ, ಪ್ರೇಮವಲ್ಲ. ನಮ್ಮ ಪರಂಪರೆಯ ಪದಕೋಶದಲ್ಲಿ ಇದಕ್ಕೆ ಹತ್ತಿರವಾದದ್ದು 'ಭಕ್ತಿ'ಯಲ್ಲ, 'ಋಣ'. ದೇವಋಣ, ಪಿತೃಋಣಗಳೆಂದು ವೈದಿಕರು ಎಣಿಸಿದ ಆ ಹೊರೆ. ಶಿವಶರಣರು ಹೆಗಲಿನಿಂದ ಇಳಿಸಿದ್ದು ಈ ಹೊರೆಯನ್ನೇ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಬಸವಣ್ಣನವರು ಜನಿವಾರವನ್ನು ಕಳೆದು, ಕುಲದ ಕಟ್ಟನ್ನೂ ಬಾಗೇವಾಡಿಯನ್ನೂ ತೊರೆದು ಕಪ್ಪಡಿಸಂಗಮಕ್ಕೆ ನಡೆಯುತ್ತಾರೆ. ಈನಿಯಸನೂ ಊರು ಬಿಟ್ಟವನೇ. ಆದರೆ ಆತ ಕುಲವನ್ನು ಹೊತ್ತು ಹೊರಟವನು. ಹೊರನೋಟಕ್ಕೆ ಒಂದೇ ಆಗಿ ಕಾಣುವ ಈ ಎರಡು ನಿರ್ಗಮನಗಳು ಎದುರುಬದುರು ದಿಕ್ಕಿನವು.

'ನಿಷ್ಠೆ' ಎಂದರೆ ಹೇಗೆ? ಷಟ್‌ಸ್ಥಲದ ಪರಿಭಾಷೆ ಬಲ್ಲವರಿಗೆ ಮಾಹೇಶಸ್ಥಲದ ನಿಷ್ಠಾಭಕ್ತಿ ನೆನಪಾಗದೆ ಇರದು. ಆ ವೀರನಿಷ್ಠೆಯ ಕಠೋರತೆ ಈನಿಯಸನಿಗೆ ಸ್ವಲ್ಪ ಒಪ್ಪುತ್ತದೆ ಕೂಡ. ಆದರೆ ಮಾಹೇಶ್ವರನ ನಿಷ್ಠೆ ಏಕಮುಖವಾದದ್ದು. ಶಿವನ ಹೊರತು ಮತ್ತೊಂದನ್ನು ಅದು ಅರಿಯದು. ಆದ್ದರಿಂದ ಅದು ತನ್ನೊಡನೆ ತಾನು ಹೋರಾಡಬೇಕಾಗಿಲ್ಲ. ಪಿಯೆಟಾಸ್ ಬಹುಮುಖ. ದೇವತೆಗೆ ಸಲ್ಲಬೇಕಾದದ್ದು, ತಂದೆಗೆ ಸಲ್ಲಬೇಕಾದದ್ದು, ಮಗನಿಗೆ, ಮಿತ್ರನಿಗೆ, ಹುಟ್ಟಲಿರುವ ನಾಡಿಗೆ ಸಲ್ಲಬೇಕಾದದ್ದು ಒಂದರೊಡನೊಂದು ಘರ್ಷಿಸಿದಾಗ ಯಾವುದನ್ನು ತೀರಿಸುವುದು ಎಂಬುದಕ್ಕೆ ಆ ಪದದೊಳಗೆ ಉತ್ತರವಿಲ್ಲ. ವರ್ಜಿಲನ ಕಾವ್ಯ ನಿಂತಿರುವುದು ಈ ಉತ್ತರವಿಲ್ಲದ ಜಾಗದಲ್ಲಿ.

ಇನ್ನೊಂದು ಸಾದೃಶ್ಯವೂ ಕೈಬೀಸಿ ಕರೆಯುತ್ತದೆ. ಈನಿಯಸ್ ಹಡಗಿನಲ್ಲಿ ಒಯ್ಯುವ 'ಪೆನಾಟೀಸ್' ದೇವತೆಗಳಿಗೆ ಇಂಗ್ಲಿಷ್ ಅನುವಾದಕರು ಗೃಹದೇವತೆಗಳೆಂಬ ಪುಸ್ತಕದ ಮಾತನ್ನು ಕಟ್ಟಬೇಕಾಯಿತು. ಕನ್ನಡದ 'ಮನೆದೇವರು' ಇಂದಿಗೂ ಹಳ್ಳಿಹಳ್ಳಿಯಲ್ಲಿ ಜೀವಂತವಾದ ಪದ. ಮೈಯೊಡನೆ ಹೊತ್ತು ನಡೆಯುವ ದೇವರೆಂದೊಡನೆ ಇಷ್ಟಲಿಂಗದ ನೆನಪೂ ಬರಬಹುದು. ಆದರೆ ಇಷ್ಟಲಿಂಗಕ್ಕೆ ಸೇರಬೇಕಾದ ಊರಿಲ್ಲ. ಅಂಗವೇ ಅದರ ನೆಲೆ. ಪೆನಾಟೀಸ್‌ಗೆ ಪಯಣ ಒಂದು ವಿಪತ್ತು ಮಾತ್ರ. ಅವು ಬಯಸುವುದು ಗೋಡೆಯುಳ್ಳ ನಗರವನ್ನು. ಸ್ಥಾವರವಾಗುವುದಕ್ಕಾಗಿ ಜಂಗಮವಾದ ದೇವತೆಗಳವು. ಹನ್ನೆರಡು ಸರ್ಗಗಳ ಅಲೆದಾಟ, ಯುದ್ಧ, ಸಾವುಗಳೆಲ್ಲ ಆ ಸ್ಥಾವರದ ಬೆಲೆ. (ಡೈಡೊಳನ್ನು ಅಕ್ಕಮಹಾದೇವಿಯವರೊಡನೆ ಹೋಲಿಸುವ ಉತ್ಸಾಹ ಯಾರಿಗಾದರೂ ಬಂದರೆ ಅದನ್ನು ಅಲ್ಲಿಯೇ ತಡೆಯುವುದು ಇಬ್ಬರಿಗೂ ಗೌರವ.)

ಹತ್ತನೆಯ ಸರ್ಗದಿಂದ ಪದದ ಪರೀಕ್ಷೆ ಕಠಿಣವಾಗುತ್ತದೆ. ಆಶ್ರಯದಾತನಾದ ಮುದಿ ಅರಸ ಇವಾಂಡರ್ ತನ್ನ ಮಗ ಪ್ಯಾಲಸ್‌ನನ್ನು ಈನಿಯಸನ ಕೈಗೆ ಒಪ್ಪಿಸಿದ್ದನು. ಟರ್ನಸ್ ಆ ತರುಣನನ್ನು ಕೊಂದು ಅವನ ಸೊಂಟಪಟ್ಟಿಯನ್ನು ತಾನು ಧರಿಸುತ್ತಾನೆ. ಸುದ್ದಿ ಕೇಳಿದ ಈನಿಯಸ್ ಉನ್ಮತ್ತನಂತೆ ಕಡಿಯುತ್ತಾ ಹೋಗುತ್ತಾನೆ. ಪ್ಯಾಲಸ್‌ನ ಚಿತೆಗೆ ಬಲಿಗೊಡಲು ಎಂಟು ಮಂದಿ ತರುಣರನ್ನು ಜೀವಂತ ಹಿಡಿಯುತ್ತಾನೆ. ಸಾಯಲಿರುವ ವೈರಿಯನ್ನು ಕಹಿಮಾತಿನಿಂದ ಹಂಗಿಸುವಾಗಲೂ ಕವಿ ಅವನನ್ನು 'ಪಿಯುಸ್' ಎಂದೇ ಕರೆಯುತ್ತಾನೆ. ಸ್ವಲ್ಪ ಮುಂದೆ, ಗಾಯಗೊಂಡ ತಂದೆಯನ್ನು ಕಾಪಾಡಲು ಅಡ್ಡಬಂದ ಲಾಸಸ್ ಎಂಬ ಹುಡುಗನಿಗೆ, ನಿನ್ನ ಪಿಯೆಟಾಸ್ ನಿನ್ನನ್ನು ಮೋಸಗೊಳಿಸುತ್ತಿದೆ ಎಂಬರ್ಥದಲ್ಲಿ ಈನಿಯಸ್ ಎಚ್ಚರಿಸುತ್ತಾನೆ, ಎಚ್ಚರಿಸಿ ಕೊಲ್ಲುತ್ತಾನೆ. ಕೊಂದು, ಸತ್ತ ಮುಖವನ್ನು ನೋಡಿ, ಅದರಲ್ಲಿ ತಂದೆಯ ಮೇಲಿನ ತನ್ನದೇ ನಿಷ್ಠೆಯನ್ನು ಕಂಡು ಕರಗುತ್ತಾನೆ. ಆ ಕ್ಷಣದಲ್ಲಿ ಕವಿ ಅವನನ್ನು ಹೆಸರಿಸುವುದು ಆಂಕೈಸೀಸನ ಮಗನೆಂದು. ತಂದೆಯ ಹೆಸರಿನಿಂದ ಕರೆದ ಈ ಸೂಕ್ಷ್ಮವನ್ನು ಬಿಟ್ಟು ಬರಿಯ 'ಈನಿಯಸ್' ಎಂದು ಬರೆದ ಅನುವಾದವನ್ನು ನಂಬಬಾರದು.

ಇಂಗ್ಲಿಷಿನ 'ಪಯಟಿ', 'ಪಿಟಿ' ಎಂಬ ಎರಡು ಪದಗಳೂ ಇದೊಂದೇ ಲ್ಯಾಟಿನ್ ಪದದ ಮಕ್ಕಳು. ಒಂದಕ್ಕೆ ದೈವನಿಷ್ಠೆಯ ಅರ್ಥ ಬಂತು, ಇನ್ನೊಂದಕ್ಕೆ ಕರುಣೆಯ ಅರ್ಥ. ವರ್ಜಿಲನಲ್ಲಿ ಈ ಕವಲು ಇನ್ನೂ ಪೂರ್ತಿ ಒಡೆದಿಲ್ಲ. ಐದನೆಯ ಸರ್ಗದಲ್ಲಿ ಹಡಗುಗಳಿಗೆ ಬೆಂಕಿ ಬಿದ್ದಾಗ ಈನಿಯಸ್ ಜುಪಿಟರನಿಗೆ ಮೊರೆಯಿಡುತ್ತಾ ಮನುಷ್ಯರ ಕಷ್ಟವನ್ನು ನೋಡುವ ದೇವರ ಕರುಣೆಯನ್ನು ಇದೇ ಪದದಿಂದ ಕರೆಯುತ್ತಾನೆ. ಧರ್ಮದ ಬೇರನ್ನು ದಯೆಯಲ್ಲಿ ಕಂಡ ಬಸವಣ್ಣನವರ ಓದುಗರಿಗೆ ಈ ಇಬ್ಬಗೆ ಹೊಸದಾಗಿ ತೋರಬಹುದು: ಇಲ್ಲಿ ಧರ್ಮ ಒಂದು ಕಡೆ, ದಯೆ ಇನ್ನೊಂದು ಕಡೆ, ಎರಡಕ್ಕೂ ಹೆಸರು ಒಂದೇ.

ಹನ್ನೆರಡನೆಯ ಸರ್ಗದ ಕೊನೆಯ ದೃಶ್ಯವನ್ನು ಇದರ ಬೆಳಕಿನಲ್ಲಿ ಓದಬೇಕು. ಟರ್ನಸ್ ತೊಡೆಗೆ ಈಟಿ ನಾಟಿ ಮಂಡಿಯೂರಿದ್ದಾನೆ. ಸೋತೆನೆಂದು ಒಪ್ಪಿ, ತನ್ನ ಮುದಿತಂದೆಯನ್ನು ಕನಿಕರಿಸೆಂದು ಬೇಡುತ್ತಾನೆ. ನಿನಗೂ ಆಂಕೈಸೀಸನಂಥ ತಂದೆಯಿದ್ದನಲ್ಲವೇ ಎನ್ನುತ್ತಾನೆ. ಆ ಆಂಕೈಸೀಸನೇ ಪಾತಾಳದಲ್ಲಿ ರೋಮನರಿಗೆ ವಿಧಿಸಿದ ಕಲೆಯೆಂದರೆ ಶರಣಾದವರನ್ನು ಉಳಿಸುವುದು, ಗರ್ವಿಷ್ಠರನ್ನು ಯುದ್ಧದಲ್ಲಿ ಮುರಿಯುವುದು. ಟರ್ನಸ್ ನಿನ್ನೆಯವರೆಗೆ ಗರ್ವಿಷ್ಠ, ಈಗ ಶರಣಾಗತ. ಈನಿಯಸನ ಕೈ ತಡೆಯುತ್ತದೆ. ಅಷ್ಟರಲ್ಲಿ ಪ್ಯಾಲಸ್‌ನ ಪಟ್ಟಿ ಟರ್ನಸ್‌ನ ಹೆಗಲ ಮೇಲೆ ಮಿಂಚುತ್ತದೆ. ಟರ್ನಸ್‌ನ ಸಾವು ತನಗೂ ಮಗನಿಗೂ ಸಲ್ಲಬೇಕಾದ ಸಾಲವೆಂದು ಇವಾಂಡರ್ ಹನ್ನೊಂದನೆಯ ಸರ್ಗದಲ್ಲಿ ಹೇಳಿಕಳುಹಿಸಿದ್ದನು. ಕವಿ ಅಲ್ಲಿ ಬಳಸಿರುವುದು ಋಣಾರ್ಥದ ಕ್ರಿಯಾಪದವನ್ನೇ. ಒಬ್ಬ ತಂದೆಯ ಋಣ ಉಳಿಸೆನ್ನುತ್ತದೆ, ಇನ್ನೊಬ್ಬ ತಂದೆಯ ಋಣ ಕೊಲ್ಲೆನ್ನುತ್ತದೆ. ಕೋಪದಿಂದ ಉರಿದೆದ್ದ ಈನಿಯಸ್, ನಿನ್ನನ್ನು ಬಲಿಗೊಡುತ್ತಿರುವವನು ಪ್ಯಾಲಸ್ ಎಂದು ಸಾರಿ ಇರಿಯುತ್ತಾನೆ.

ಇಲ್ಲಿ 'ಪಿಯುಸ್' ಎಂಬ ಪದವಿಲ್ಲ. ಇದೇ ಸರ್ಗದಲ್ಲಿ ಮೊದಲು, ಕದನವನ್ನು ನಿಲ್ಲಿಸಲು ಆಯುಧವಿಲ್ಲದ ಬಲಗೈಯನ್ನು ಚಾಚಿ ನಿಂತವನನ್ನು ಕವಿ ಹಾಗೆ ಕರೆದಿದ್ದನು. ಅಂತ್ಯದಲ್ಲಿ ಕರೆಯಲಿಲ್ಲ, ಕರೆಯಬಾರದೆಂದೂ ಹೇಳಲಿಲ್ಲ. ಆಡಂ ಪ್ಯಾರಿ ಅವರ 1963ರ ಪ್ರಬಂಧ, ಮೈಕೆಲ್ ಪಟ್ನಂ ಅವರ 1965ರ ಗ್ರಂಥ ಇವುಗಳಿಂದೀಚೆಗೆ, ಕಾವ್ಯ ಸಾಮ್ರಾಜ್ಯದ ಸ್ತುತಿಯೋ ಅದರ ಶೋಕವೋ ಎಂಬ ವಾದ ಬೆಳೆದಿದೆ. ವಾದದ ಎರಡೂ ಪಕ್ಷದವರು ಮರಳಿ ಬರುವುದು ಈ ಮೌನಕ್ಕೇ. ಆದರೆ ವಿಶೇಷಣವನ್ನು ಒಂದೇ ಪದದಿಂದ ಅನುವಾದಿಸದೆ ಬಂದ ಪುಸ್ತಕದಲ್ಲಿ ಈ ಮೌನ ಕೇಳಿಸುವುದಿಲ್ಲ. ಇಲ್ಲದಿರುವುದು ಗೊತ್ತಾಗಬೇಕಾದರೆ ಇದ್ದದ್ದು ಒಂದೇ ಮುಖದಿಂದ ಇದ್ದಿರಬೇಕು.

ಇರಿಯುವ ಕ್ರಿಯಾಪದದಲ್ಲಿ ಇನ್ನೊಂದು ಕೊರತೆಯುಂಟು. ವರ್ಜಿಲ್ ಬಳಸಿದ ಧಾತು 'ಕೊಂಡೆರೆ'. ಕಾವ್ಯದ ಆರಂಭದ ಏಳು ಪಂಕ್ತಿಗಳಲ್ಲಿ ನಗರವನ್ನು ಸ್ಥಾಪಿಸುವುದಕ್ಕೆ ಬಳಸಿದ ಧಾತುವೂ ಅದೇ. ಹೂಳು, ಅಡಗಿಸು, ನೆಲೆಗೊಳಿಸು ಎಂಬ ಅರ್ಥಗಳೆಲ್ಲ ಅದಕ್ಕುಂಟು. ಊರನ್ನು ನೆಲೆಗೊಳಿಸಲು ಹೊರಟವನು ಕೊನೆಗೆ ನೆಲೆಗೊಳಿಸಿದ್ದು ಕತ್ತಿಯನ್ನು, ಶತ್ರುವಿನ ಎದೆಯಲ್ಲಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸ್ಥಾಪನೆಯ ಪದ, ಕೊನೆಯದಕ್ಕೆ ಚುಚ್ಚುವ ಇಲ್ಲವೇ ಹೂಳುವ ಪದ ಬರಲೇಬೇಕು, ಸಂಬಂಧ ಕಡಿದುಹೋಗುತ್ತದೆ. ಅನುವಾದಕರನ್ನು ದೂರುವಂತಿಲ್ಲ, ಆ ಭಾಷೆಯಲ್ಲಿ ಅಂಥ ಪದವಿಲ್ಲ. ಕನ್ನಡದಲ್ಲಿ ಉಂಟು: ಊರು. ಜನ ವಾಸಿಸುವ ಊರೂ ನೆಲದಲ್ಲಿ ಬಲವಾಗಿ ಊರುವುದೂ ಮೂಲದಲ್ಲಿ ಒಂದೇ ಎಂದು ವಾದಿಸಬೇಕಾಗಿಲ್ಲ; ಕಿವಿಗೆ ಒಂದೇ ಆಗಿದ್ದರೆ ಸಾಕು. ನೆಲೆಯೂರಬಹುದು, ಕತ್ತಿಯನ್ನೂ ಊರಬಹುದು.

ಕಾವ್ಯದ ಕಟ್ಟಕಡೆಯ ಪಂಕ್ತಿಯಲ್ಲಿ ಟರ್ನಸ್‌ನ ಪ್ರಾಣ ಅಸಮಾಧಾನದಿಂದ ನರಳುತ್ತಾ ನೆರಳಿನ ಲೋಕಕ್ಕೆ ಇಳಿಯುತ್ತದೆ. ನಗರವಿಲ್ಲ, ವಿವಾಹವಿಲ್ಲ, ಮಂಗಳವಿಲ್ಲ. ಫಲಶ್ರುತಿಗೆ ಒಗ್ಗಿದ ಓದುಗನು ಹಾಳೆ ಮಗುಚಿದರೆ ಮುಂದೆ ಏನೂ ಇಲ್ಲ. ಆ ಪಂಕ್ತಿ ಹೊಸದೂ ಅಲ್ಲ. ಹನ್ನೊಂದನೆಯ ಸರ್ಗದಲ್ಲಿ ಕ್ಯಾಮಿಲ್ಲ ಎಂಬ ಯೋಧಕನ್ಯೆ ಟರ್ನಸ್‌ನ ಪಕ್ಷದಲ್ಲಿ ಹೋರಾಡಿ ಮಡಿದಾಗ ಕವಿ ಇದೇ ಪಂಕ್ತಿಯನ್ನು, ಒಂದು ಅಕ್ಷರವನ್ನೂ ಬದಲಾಯಿಸದೆ, ಬರೆದಿದ್ದಾನೆ. ಅನುವಾದವೊಂದನ್ನು ಕೊಳ್ಳಹೊರಟವರು ಅಂಗಡಿಯಲ್ಲಿಯೇ ನಿಂತು ಈ ಎರಡು ಸ್ಥಳಗಳನ್ನು ತೆಗೆದು ಹೋಲಿಸಿ ನೋಡಬಹುದು. ಎರಡೂ ಕಡೆ ಒಂದೇ ಮಾತಿದ್ದರೆ ಆ ಪ್ರತಿಯನ್ನು ಮನೆಗೆ ತರಬಹುದು.